ದ್ವೀಪಕ್ಕೆ ಹೊರಟವರ ಪ್ರಶ್ನೆಗಳು: ಪಾಸ್‌ಪೋರ್ಟ್ ಸಾಲು, ತಡವಾದ ವಿಮಾನ, ರದ್ದಾದ ವಿಮಾನ

ಇಂಡಿಗೋ ಸಂಸ್ಥೆ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಆರಂಭಿಸಿದ್ದು 2024ರ ಮಾರ್ಚ್ ಕೊನೆಯಲ್ಲಿ. ಅಲ್ಲಿಂದ ಈಚೆಗೆ ನಮ್ಮ ಬಂಧುಬಳಗದಲ್ಲಿ, ನೆರೆಹೊರೆಯಲ್ಲಿ ದ್ವೀಪಕ್ಕೆ ಹೋಗಿಬಂದವರ ಸಂಖ್ಯೆ ಬಹಳ ಹೆಚ್ಚಿತು. ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದವರು, ನಿವೃತ್ತರಾದ ಅಪ್ಪ ಅಮ್ಮಂದಿರು, ಹೊಸದಾಗಿ ಮದುವೆಯಾದವರು ಎಲ್ಲರೂ ಅದರಲ್ಲಿದ್ದಾರೆ. ಕಡಲತೀರ, ಹೋಟೆಲುಗಳ ಬಗ್ಗೆ ಎಲ್ಲರಿಗೂ ಮಾಹಿತಿ ಇರುತ್ತದೆ. ನನ್ನನ್ನು ಮತ್ತೆ ಮತ್ತೆ ಕೇಳುವುದು ವಿಮಾನ ನಿಲ್ದಾಣದ ಬಗ್ಗೆ. ಊರಿಗೆ ಹೋಗುವ ಬಸ್ಸು ತಪ್ಪಿದರೆ ರೈಲು ಇದೆ, ರೈಲೂ ತಪ್ಪಿದರೆ ಯಾರದಾದರೂ ಕಾರು ಸಿಗುತ್ತದೆ. ದ್ವೀಪದಿಂದ ಮನೆಗೆ ಬರಲು ಹೆಚ್ಚಾಗಿ ಒಂದೇ ಬಾಗಿಲು. ಅದಕ್ಕಾಗಿಯೇ ಈ ಉತ್ತರಗಳನ್ನು ಸ್ವಲ್ಪ ವಿವರವಾಗಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬಾಲಿಯವು. ಮಾಲ್ಡೀವ್ಸ್, ಥಾಯ್ಲೆಂಡಿನ ಫುಕೆಟ್, ಅಂಡಮಾನ್ ಅಲ್ಲಲ್ಲಿ ಬರುತ್ತವೆ.

## ಹೊರಡುವ ಮೊದಲು

ಪಾಸ್‌ಪೋರ್ಟಿನ ಅವಧಿ ಇನ್ನೂ ನಾಲ್ಕು ತಿಂಗಳಿದೆ. ನಾವು ಹೋಗುವುದೇ ಐದು ದಿನಕ್ಕೆ. ಸಾಲದೇ?

ಸಾಲದು. ಇಂಡೊನೇಷ್ಯಾಕ್ಕೆ ಕಾಲಿಡುವ ದಿನ ಪಾಸ್‌ಪೋರ್ಟಿಗೆ ಇನ್ನೂ ಕನಿಷ್ಠ 6 ತಿಂಗಳ ಅವಧಿ ಇರಬೇಕು. ಇಲ್ಲದಿದ್ದರೆ ನಿಮ್ಮನ್ನು ಬಾಲಿಯವರೆಗೂ ಬಿಡುವುದಿಲ್ಲ, ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ಮಕ್ಕಳ ಪಾಸ್‌ಪೋರ್ಟನ್ನು ವಿಶೇಷವಾಗಿ ನೋಡಿಕೊಳ್ಳಿ. ದೊಡ್ಡವರದು 10 ವರ್ಷ ನಡೆಯುತ್ತದೆ. ಮಕ್ಕಳದು 5 ವರ್ಷಕ್ಕೇ ಮುಗಿಯುತ್ತದೆ. ಗಂಡ ಹೆಂಡತಿ ತಮ್ಮದನ್ನು ನೋಡಿಕೊಂಡು ನಿಶ್ಚಿಂತರಾಗಿರುತ್ತಾರೆ, ಮಗುವಿನದು ಅವಧಿ ಮುಗಿಯುತ್ತ ಬಂದಿರುತ್ತದೆ. ಪುಟ ಹರಿದಿದ್ದರೆ, ನೀರಿನಲ್ಲಿ ನೆನೆದು ಉಬ್ಬಿದ್ದರೆ, ಅದಕ್ಕೂ ಹೊಸದು ಮಾಡಿಸಿಕೊಳ್ಳಿ. ಇಂಥ ಪಾಸ್‌ಪೋರ್ಟನ್ನು ಒಪ್ಪದೆ ವಾಪಸ್ ಕಳಿಸುವ ಅಧಿಕಾರ ಆ ದೇಶದವರಿಗಿದೆ.

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಟಿಕೆಟ್‌ನಲ್ಲಿ ಅದು ಕಡ್ಡಾಯ ಎನ್ನುತ್ತದೆ. ಏನು ಬರೆಯಲಿ?

ಇದು ನಮ್ಮ ಕಡೆಯವರ ಪ್ರಶ್ನೆ. ಅಪ್ಪನ ಹೆಸರಿನ ಮೊದಲಕ್ಷರವೋ ಊರಿನ ಹೆಸರಿನ ಮೊದಲಕ್ಷರವೋ ಹಚ್ಚಿಕೊಂಡು ಬದುಕಿದ ನಮಗೆ ಈ ಸರ್‌ನೇಮ್ ಎಂಬುದು ಹೊರಗಿನಿಂದ ಬಂದದ್ದು. ಕೆಲವು ವಿಮಾನಯಾನ ಸಂಸ್ಥೆಗಳು ಇದ್ದ ಒಂದೇ ಹೆಸರನ್ನು ಎರಡೂ ಜಾಗದಲ್ಲಿ ಬರೆಯಲು ಹೇಳುತ್ತವೆ, ಕೆಲವು ಎಲ್‌ಎನ್‌ಯು (ಲಾಸ್ಟ್ ನೇಮ್ ಅನ್‌ನೋನ್, ಅಂದರೆ ಕೊನೆಯ ಹೆಸರು ತಿಳಿದಿಲ್ಲ) ಎಂದು ತುಂಬಿಸುತ್ತವೆ. ನಿಮ್ಮ ಸಂಸ್ಥೆಯದು ಯಾವ ಪದ್ಧತಿ ಎಂಬುದನ್ನು ಟಿಕೆಟ್ ಮಾಡುವ ಮೊದಲೇ ಕೇಳಿ. ಅಪ್ಪನ ಹೆಸರನ್ನೋ ಗಂಡನ ಹೆಸರನ್ನೋ ಅಲ್ಲಿ ತುಂಬಿಸಲು ಮಾತ್ರ ಹೋಗಬೇಡಿ. ಪಾಸ್‌ಪೋರ್ಟಿನಲ್ಲಿ ಇಲ್ಲದ ಹೆಸರು ಟಿಕೆಟ್‌ನಲ್ಲಿ ಬಂದರೆ ಅದೇ ತಕರಾರಾಗುತ್ತದೆ.

ಫೋಟೋ ಇರುವ ಪುಟದ ಕೆಳಗೆ ಬಾಣದ ತುದಿಯಂಥ ಗುರುತುಗಳ ನಡುವೆ ದೊಡ್ಡ ಅಕ್ಷರದ ಎರಡು ಸಾಲುಗಳಿವೆ, ನೋಡಿ. ಇಮಿಗ್ರೇಷನ್ ಯಂತ್ರ ಓದುವುದು ಅದನ್ನೇ. ನಿಮ್ಮ ಹೆಸರು ಅಲ್ಲಿ ಯಾವ ಕ್ರಮದಲ್ಲಿ, ಯಾವ ಅಕ್ಷರಗಳಲ್ಲಿ ಇದೆಯೋ ವೀಸಾ ಅರ್ಜಿಯಲ್ಲೂ ಹಾಗೆಯೇ ಇರಲಿ.

ಅಪ್ಪನ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು ಇದೆ. ಅವರನ್ನು ಪ್ರವಾಸಕ್ಕೂ ಬಿಡುವುದಿಲ್ಲ ಎನ್ನುತ್ತಾರೆ, ನಿಜವೇ?

ನಿಜವಲ್ಲ. ಇಸಿಆರ್ ಎಂದರೆ 'ವಲಸೆ ತಪಾಸಣೆ ಅಗತ್ಯ' ಎಂದು, ಆ ಮುದ್ರೆ 1983ರ ವಲಸೆ ಕಾಯ್ದೆಗೆ ಸಂಬಂಧಿಸಿದ್ದು. ಹತ್ತನೇ ತರಗತಿ ಮುಗಿಸದವರು ಕೆಲವು ದೇಶಗಳಿಗೆ ಕೂಲಿ ಕೆಲಸಕ್ಕೆ ಹೋಗಿ ಮೋಸಹೋಗದಿರಲಿ ಎಂಬುದು ಅದರ ಉದ್ದೇಶ. ಆ 18 ದೇಶಗಳ ಪಟ್ಟಿಯಲ್ಲಿ ಇಂಡೊನೇಷ್ಯಾ, ಥಾಯ್ಲೆಂಡ್, ಮಲೇಷ್ಯಾ ಇರುವುದರಿಂದ ಅಧಿಕಾರಿ ಒಂದೆರಡು ಪ್ರಶ್ನೆ ಹೆಚ್ಚು ಕೇಳಬಹುದು. ಪ್ರವಾಸಕ್ಕೆ ಹೋಗುವವರಿಗೆ ಅನುಮತಿ ಪತ್ರ ಬೇಕಾಗಿಲ್ಲ. ವಾಪಸ್ ಟಿಕೆಟ್, ಹೋಟೆಲಿನ ಕಾಗದ ಅಪ್ಪನ ಕೈಯಲ್ಲೇ ಇರಲಿ. ಮಗನ ಮೊಬೈಲಿನಲ್ಲಿದ್ದು, ಮಗ ಬೇರೆ ಕೌಂಟರಿನ ಸಾಲಿನಲ್ಲಿ ನಿಂತಿದ್ದರೆ ಅಪ್ಪನಿಗೆ ಆಗುವ ಗಾಬರಿ ಅಷ್ಟಿಷ್ಟಲ್ಲ.

ಬಾಲಿಗೆ ಎಷ್ಟು ಫಾರಂ ತುಂಬಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮೂರು ಬೇರೆ ಬೇರೆ ವಿಷಯಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ವೀಸಾ: 5,00,000 ರುಪಿಯಾ (ಇಂಡೊನೇಷ್ಯಾದ ಹಣ) ಶುಲ್ಕ, 30 ದಿನದ ವಾಸ, ಒಂದು ಸಲ ಇನ್ನೂ 30 ದಿನಕ್ಕೆ ವಿಸ್ತರಿಸಬಹುದು. ಇಳಿದ ಮೇಲೂ ಪಡೆಯಬಹುದು, ಮನೆಯಲ್ಲೇ ಆನ್‌ಲೈನ್‌ನಲ್ಲೂ ಪಡೆಯಬಹುದು. ಎರಡನೆಯದು ಬಾಲಿ ಪ್ರಾಂತ್ಯದ ಪ್ರವಾಸಿ ಶುಲ್ಕ: ತಲಾ 1,50,000 ರುಪಿಯಾ, 2024ರ ಫೆಬ್ರವರಿ 14ರಿಂದ ಜಾರಿಯಲ್ಲಿದೆ. ಇದು ವೀಸಾದ ಹಣದಲ್ಲಿ ಸೇರಿಲ್ಲ. ಮೂರನೆಯದು ಆಗಮನ ಘೋಷಣೆ: ಕಸ್ಟಮ್ಸ್, ಆರೋಗ್ಯ ವಿವರಗಳನ್ನು ಒಟ್ಟಿಗೆ ತುಂಬುವ 'ಆಲ್ ಇಂಡೊನೇಷ್ಯಾ' ಫಾರಂ. ಇಳಿಯುವುದಕ್ಕೆ ಮುಂಚಿನ 3 ದಿನಗಳ ಒಳಗೆ ತುಂಬಬೇಕು, ಹಣವಿಲ್ಲ.

ಥಾಯ್ಲೆಂಡಿಗೂ 2025ರ ಮೇ 1ರಿಂದ ಇಂಥದೇ ಡಿಜಿಟಲ್ ಆಗಮನ ಕಾರ್ಡ್ ಬಂದಿದೆ. ಮಾಲ್ಡೀವ್ಸ್‌ಗೆ 'ಇಮುಗಾ' ಫಾರಂ, ಪ್ರಯಾಣಕ್ಕೆ ಮುಂಚಿನ 96 ಗಂಟೆಗಳ ಒಳಗೆ. ಹೋಗುವಾಗ ಒಂದು, ಅಲ್ಲಿಂದ ಹೊರಡುವಾಗ ಇನ್ನೊಂದು. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಈ ಮೂರು ದೇಶಗಳ ಘೋಷಣೆಗಳೂ ಉಚಿತ. ಹುಡುಕಾಟದಲ್ಲಿ ಮೊದಲು ಕಾಣಿಸುವ, ಸರ್ಕಾರಿ ತಾಣದಂತೆ ಕಾಣುವ ಖಾಸಗಿ ತಾಣಗಳು ಇವಕ್ಕೂ ಹಣ ಕೇಳುತ್ತವೆ. ಘೋಷಣೆಗೆ ಕಾರ್ಡ್ ಸಂಖ್ಯೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ತಾಣದ ವಿಳಾಸ ನೋಡಿ.

ಅಂಡಮಾನಿಗೂ ಪಾಸ್‌ಪೋರ್ಟ್ ಬೇಕೇ?

ಬೇಡ. ನಮ್ಮದೇ ದೇಶ; ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿ ಸಾಕು. ಪೋರ್ಟ್ ಬ್ಲೇರ್ ಹೆಸರು 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಬದಲಾಗಿದೆ, ಹೊಸ ಹೆಸರು ಕಂಡು ತಪ್ಪು ಟಿಕೆಟ್ ಎಂದು ಗಾಬರಿಯಾಗಬೇಡಿ. ಲಕ್ಷದ್ವೀಪ ಬೇರೆ ಮಾತು. ಅಲ್ಲಿಗೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಅದು ಕೈಗೆ ಬಂದ ಮೇಲೆಯೇ ವಿಮಾನದ ಟಿಕೆಟಿನ ಮಾತು.

## ಸಾಲಿನಲ್ಲಿ ನಿಂತಾಗ

ಬೆಂಗಳೂರು ವಿಮಾನ ನಿಲ್ದಾಣಕ್ಕೆ ಎಷ್ಟು ಗಂಟೆ ಮೊದಲು ತಲುಪಬೇಕು?

ಮೂರು ಗಂಟೆ. ಮಕ್ಕಳು, ಹಿರಿಯರು ಇದ್ದರೆ ಮೂರೂವರೆ. ಅಂತರರಾಷ್ಟ್ರೀಯ ವಿಮಾನಗಳೆಲ್ಲ 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ತಡರಾತ್ರಿ ಹಲವು ದೇಶಗಳ ವಿಮಾನಗಳು ಬೆನ್ನುಬೆನ್ನಿಗೆ ಹೊರಡುವುದರಿಂದ ಇಮಿಗ್ರೇಷನ್ ಸಾಲು ಒಮ್ಮೆಲೇ ಉದ್ದವಾಗುತ್ತದೆ. ಲಗೇಜ್ ಕೊಟ್ಟ ಕೂಡಲೇ ಇಮಿಗ್ರೇಷನ್ ಮುಗಿಸಿಬಿಡಿ; ಕಾಫಿ, ಹರಟೆ, ಫೋಟೋ ಎಲ್ಲ ಆಮೇಲೆ.

ವರ್ಷಕ್ಕೆ ಒಂದೆರಡು ಸಲವಾದರೂ ವಿದೇಶಕ್ಕೆ ಹೋಗುವವರು ಕೇಂದ್ರ ಗೃಹ ಸಚಿವಾಲಯದ 'ವಿಶ್ವಾಸಾರ್ಹ ಪ್ರಯಾಣಿಕ' ಯೋಜನೆಗೆ ಹೆಸರು ನೋಂದಾಯಿಸಿ. 2024ರಲ್ಲಿ ದೆಹಲಿಯಲ್ಲಿ ಆರಂಭವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಶುಲ್ಕವಿಲ್ಲ. ಆನ್‌ಲೈನ್ ಅರ್ಜಿ ಒಪ್ಪಿಗೆಯಾದ ಮೇಲೆ ಬೆರಳಚ್ಚು, ಮುಖದ ಚಿತ್ರ ಕೊಡಬೇಕು. ಆಮೇಲೆ ಪಾಸ್‌ಪೋರ್ಟ್ ತೋರಿಸಿ ಸ್ವಯಂಚಾಲಿತ ದ್ವಾರದಲ್ಲಿ ದಾಟಬಹುದು. 5 ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ನಡೆಯುತ್ತದೆ. ಇಷ್ಟು ಒಳ್ಳೆಯ ಸೌಲಭ್ಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ಬಾಲಿಯಲ್ಲಿ ಇಳಿದ ಮೇಲೆ ಸಾಲು ಬೇಗ ಮುಗಿಸುವ ದಾರಿ ಇದೆಯೇ?

ಅಲ್ಲಿ ಸಾಲು ಒಂದಲ್ಲ. ವೀಸಾ ಹಣ ಕಟ್ಟುವ ಕೌಂಟರ್, ಪಾಸ್‌ಪೋರ್ಟ್ ತಪಾಸಣೆ, ಲಗೇಜ್, ಕೊನೆಗೆ ಕಸ್ಟಮ್ಸ್. ಮನೆಯಿಂದಲೇ ಇ-ವೀಸಾ ಮಾಡಿಸಿಕೊಂಡವರಿಗೆ ಮೊದಲ ಸಾಲು ಪೂರ್ತಿ ತಪ್ಪುತ್ತದೆ. ನನ್ನ ಮಟ್ಟಿಗೆ ದೊಡ್ಡ ಉಳಿತಾಯ ಅದೇ. ಫಾರಂಗಳ ಕ್ಯೂಆರ್ ಸಂಕೇತವನ್ನು ಮೊಬೈಲಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ, ಜತೆಗೆ ಕಾಗದದಲ್ಲೂ ಮುದ್ರಿಸಿಕೊಳ್ಳಿ. ಇಳಿದ ತಕ್ಷಣ ಇಂಟರ್ನೆಟ್ ಸಿಗದೆ, ಸಾಲಿನ ಮುಂದೆ ಬಂದು ನಿಂತು ಇಮೇಲ್ ಹುಡುಕುವವರಿಂದಲೇ ಹಿಂದಿನವರಿಗೆಲ್ಲ ತಡವಾಗುತ್ತದೆ.

ನಮ್ಮ ಹೊಸ ಪಾಸ್‌ಪೋರ್ಟುಗಳಲ್ಲಿ ರಕ್ಷಾಪುಟದ ಕೆಳಗೆ ಚಿನ್ನದ ಬಣ್ಣದ ಪುಟ್ಟ ಚಿಪ್ ಗುರುತು ಇರುತ್ತದೆ. ಅದಿದ್ದರೆ ನಿಮ್ಮದು ಇ-ಪಾಸ್‌ಪೋರ್ಟ್. ಅಂಥವರು ಬಾಲಿಯ ಸ್ವಯಂಚಾಲಿತ ದ್ವಾರಗಳನ್ನು ಬಳಸಬಹುದೇ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ ನೋಡಿ. ಹೋಟೆಲಿನ ಕಾರನ್ನು ಇಳಿಯುವ ಸಮಯಕ್ಕೆ ಹೇಳಬೇಡಿ, ಒಂದೂವರೆ ಗಂಟೆ ಬಿಟ್ಟು ಹೇಳಿ. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುತ್ತದೆ ಎಂಬುದೂ ಆ ಲೆಕ್ಕದಲ್ಲಿರಲಿ.

ಅಮ್ಮನಿಗೆ ಮಂಡಿನೋವು, ಸಕ್ಕರೆ ಕಾಯಿಲೆ. ಅಷ್ಟು ಹೊತ್ತು ಸಾಲಿನಲ್ಲಿ ನಿಲ್ಲಿಸಲು ಧೈರ್ಯವಿಲ್ಲ. ಕರೆದುಕೊಂಡು ಹೋಗಲೋ ಬೇಡವೋ?

ಖಂಡಿತ ಕರೆದುಕೊಂಡು ಹೋಗಿ. ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿ, ಹೊರಡುವುದಕ್ಕೆ 48 ಗಂಟೆ ಇರುವಾಗ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಹೋಗುವಾಗ ಮತ್ತು ಬರುವಾಗ ಎರಡೂ ಕಡೆ ನಮೂದಾಗಿದೆಯೇ ನೋಡಿ. "ನನಗೇನು ಕಾಲಿಲ್ಲವೇ, ಗಾಲಿಕುರ್ಚಿ ಯಾಕೆ" ಎಂದು ಅಮ್ಮಂದಿರು ಮುಜುಗರಪಡುತ್ತಾರೆ. ಮನೆಯಲ್ಲೇ ಕೂರಿಸಿ ಸಮಾಧಾನವಾಗಿ ಹೇಳಿ: ನಡೆಯಲು ಬರುವುದಿಲ್ಲ ಎಂದಲ್ಲ, ಒಂದು ಗಂಟೆ ನಿಲ್ಲುವುದು ಬೇಡ ಎಂದು. ಮಾತ್ರೆ, ಇನ್ಸುಲಿನ್ ಯಾವಾಗಲೂ ಕೈಚೀಲದಲ್ಲಿ, ವೈದ್ಯರ ಚೀಟಿಯ ಸಮೇತ. ತಿನ್ನಲು ಚಕ್ಕುಲಿ, ಬಿಸ್ಕತ್ತಿನಂಥ ಒಣ ತಿಂಡಿ ಇರಲಿ. ಹಣ್ಣುಗಳನ್ನು ವಿಮಾನದಲ್ಲೇ ಮುಗಿಸಿ, ಹೊರಗೆ ತರಬೇಡಿ.

ನನ್ನ ಅಮ್ಮನ ಜತೆ ಫುಕೆಟ್‌ನಲ್ಲಿ ಇಳಿದಾಗ ನಡೆದದ್ದನ್ನು ಹೇಳುತ್ತೇನೆ. ಅಲ್ಲಿ ಬೆರಳಚ್ಚು ತೆಗೆದುಕೊಳ್ಳುತ್ತಾರೆ. ನಾಲ್ಕು ಬೆರಳು ಜೋಡಿಸಿ ಗಾಜಿನ ಮೇಲಿಡಬೇಕು. ಅಮ್ಮ ಇಟ್ಟರು, ಕೆಂಪು ದೀಪ ಬಂತು. ಮತ್ತೆ ಇಟ್ಟರು, ಮತ್ತೆ ಕೆಂಪು. ಐವತ್ತು ವರ್ಷ ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಸವೆದ ಬೆರಳುಗಳು, ರೇಖೆಗಳೇ ಮಾಸಿಹೋಗಿದ್ದವು. ಹಿಂದಿನ ಸಾಲು ಬೆಳೆಯುತ್ತಿತ್ತು, ಅಮ್ಮನ ಕೈ ನಡುಗುತ್ತಿತ್ತು. ಕೌಂಟರಿನಲ್ಲಿದ್ದ ಅಧಿಕಾರಿಣಿ ಏನೂ ಮಾತಾಡದೆ ತನ್ನ ಬೆರಳನ್ನು ತನ್ನ ಹಣೆಗೆ ಒರೆಸಿಕೊಂಡು ತೋರಿಸಿದರು. ಅಮ್ಮ ಕುಂಕುಮ ಅಳಿಸದಂತೆ ಹಣೆಯ ಪಕ್ಕಕ್ಕೆ ಬೆರಳು ಒರೆಸಿಕೊಂಡು ಮತ್ತೆ ಇಟ್ಟರು. ಹಸಿರು ದೀಪ. ಒಣಗಿದ ಬೆರಳಿಗೆ ಸ್ವಲ್ಪ ಜಿಡ್ಡು ಬೇಕಾಗಿತ್ತು ಅಷ್ಟೇ. ಅಂದಿನಿಂದ ಹಿರಿಯರನ್ನು ಕರೆದೊಯ್ಯುವವರಿಗೆಲ್ಲ ಹೇಳುತ್ತೇನೆ: ಇಳಿಯುವ ಮುಂಚೆ ಕೈಗೆ ಒಂದು ಹನಿ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿ ಚೆನ್ನಾಗಿ ಉಜ್ಜಿಕೊಳ್ಳಲಿ. ಮತ್ತು ನೀವು ಅವರಿಗಿಂತ ಮುಂದೆ ಹೋಗಬೇಡಿ. ಅವರನ್ನು ಮುಂದೆ ಕಳಿಸಿ ನೀವು ಹಿಂದೆ ನಿಂತರೆ, ಕರೆದರೆ ಕೇಳಿಸುತ್ತದೆ.

ಮಾಲ್ಡೀವ್ಸ್‌ಗೆ ಸಂಜೆ ಐದಕ್ಕೆ ಇಳಿಯುವ ವಿಮಾನ ಅಗ್ಗವಾಗಿ ಸಿಗುತ್ತಿದೆ. ತೆಗೆದುಕೊಳ್ಳಬಹುದೇ?

ನಿಮ್ಮ ರೆಸಾರ್ಟಿಗೆ ಹೇಗೆ ಹೋಗುತ್ತೀರಿ ಎಂಬುದರ ಮೇಲಿದೆ. ವೇಗದ ದೋಣಿಯಾದರೆ ತೊಂದರೆಯಿಲ್ಲ. ಸೀಪ್ಲೇನ್ ಆದರೆ ತೆಗೆದುಕೊಳ್ಳಬೇಡಿ. ನೀರಿನ ಮೇಲೆ ಇಳಿಯುವ ಆ ಪುಟ್ಟ ವಿಮಾನಗಳು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತವೆ. ಮಧ್ಯಾಹ್ನ ಮೂರೂವರೆಯ ಒಳಗೆ ಇಳಿಯದಿದ್ದರೆ ಅಂದಿನ ಹಾರಾಟ ಸಿಗುವುದು ಕಷ್ಟ. ಆಗ ಮಾಲೆಯಲ್ಲೋ ಹುಲುಮಾಲೆಯಲ್ಲೋ ಒಂದು ರಾತ್ರಿ ಕಳೆಯಬೇಕು, ರೆಸಾರ್ಟಿಗೆ ಕಟ್ಟಿದ ಆ ರಾತ್ರಿಯ ಹಣವೂ ಹೋಗುತ್ತದೆ. ಸೀಪ್ಲೇನಿನಲ್ಲಿ ಲಗೇಜಿನ ಮಿತಿಯೂ ಕಡಿಮೆ: ಸಾಮಾನ್ಯವಾಗಿ 20 ಕಿಲೋ, ಕೈಚೀಲ 5 ಕಿಲೋ.

## ವಿಮಾನ ಕೈಕೊಟ್ಟಾಗ

ಆಕಾಶ ನೀಲಿಯಾಗಿದೆ, ಬಿಸಿಲು ಹೊಳೆಯುತ್ತಿದೆ. ಜ್ವಾಲಾಮುಖಿ ಎಂದು ವಿಮಾನ ರದ್ದು ಮಾಡಿದ್ದಾರೆ. ಸುಳ್ಳು ನೆಪವಲ್ಲವೇ?

ಅಲ್ಲ. ದಯವಿಟ್ಟು ಕೌಂಟರಿನ ಹುಡುಗಿಯ ಮೇಲೆ ಕೂಗಾಡಬೇಡಿ. ಜ್ವಾಲಾಮುಖಿಯ ಬೂದಿ ನಮ್ಮ ಒಲೆಯ ಬೂದಿಯಂಥದ್ದಲ್ಲ. ಅದು ಕಲ್ಲು ಮತ್ತು ಗಾಜಿನ ನುಣ್ಣನೆಯ ಚೂರು. ಜೆಟ್ ಎಂಜಿನ್ನಿನ ಒಳಗಿನ ಶಾಖಕ್ಕೆ ಅದು ಕರಗಿ, ಹಿಂಭಾಗದಲ್ಲಿ ತಿರುಗುವ ಅಲಗುಗಳಿಗೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಗಾಳಿಯ ದಾರಿ ಕಟ್ಟಿ ಎಂಜಿನ್ ನಿಲ್ಲುತ್ತದೆ. 1982ರ ಜೂನ್ 24ರಂದು ಜಾವಾದ ಗಲುಂಗುಂಗ್ ಬೂದಿಗೆ ಸಿಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ನಾಲ್ಕೂ ಎಂಜಿನ್‌ಗಳು ನಿಂತುಹೋಗಿದ್ದವು. ಅದೃಷ್ಟಕ್ಕೆ ಕೆಳಗಿಳಿಯುತ್ತ ಮತ್ತೆ ಚಾಲೂ ಆಗಿ ಜಕಾರ್ತದಲ್ಲಿ ಸುರಕ್ಷಿತವಾಗಿ ಇಳಿಯಿತು. ಕತ್ತಲೆಯಲ್ಲಿ ಬೂದಿಯ ಮೋಡ ಪೈಲಟ್‌ಗೆ ಕಾಣುವುದಿಲ್ಲ, ಹವಾಮಾನ ರೇಡಾರ್‌ನಲ್ಲೂ ಸಿಗುವುದಿಲ್ಲ.

ಬೆಟ್ಟ ನಿಮ್ಮ ಕಣ್ಣಿಗೆ ಕಾಣಬೇಕೆಂದೂ ಇಲ್ಲ. 2017ರ ನವೆಂಬರ್ ಕೊನೆಯಲ್ಲಿ ಬಾಲಿಯ ವಿಮಾನ ನಿಲ್ದಾಣವನ್ನು ಎರಡು ದಿನಕ್ಕೂ ಹೆಚ್ಚು ಮುಚ್ಚಿಸಿದ್ದು ಬಾಲಿಯದೇ ಆದ ಅಗುಂಗ್ ಪರ್ವತ. ಆದರೆ 2024ರ ನವೆಂಬರ್, 2025ರ ಜೂನ್ ಮತ್ತು ಜುಲೈ ತಿಂಗಳ ರದ್ದತಿಗಳಿಗೆ ಕಾರಣ ನೂರಾರು ಕಿಲೋಮೀಟರ್ ಪೂರ್ವಕ್ಕಿರುವ ಫ್ಲೋರೆಸ್ ದ್ವೀಪದ ಲೆವೊಟೊಬಿ ಜ್ವಾಲಾಮುಖಿ. 2025ರ ಜೂನ್ 18ರಂದು ದೆಹಲಿಯಿಂದ ಬಾಲಿಗೆ ಹೊರಟ ಏರ್ ಇಂಡಿಯಾ ವಿಮಾನ ಅರ್ಧದಾರಿಯಿಂದ ವಾಪಸಾದದ್ದೂ ಇದೇ ಕಾರಣಕ್ಕೆ. ಆ ಭಾಗದ ಬೂದಿ ಮೋಡದ ಎಚ್ಚರಿಕೆಗಳನ್ನು ಆಸ್ಟ್ರೇಲಿಯಾದ ಡಾರ್ವಿನ್ ಕೇಂದ್ರ ಹೊರಡಿಸುತ್ತದೆ. ಗಾಳಿ ತಿರುಗಿದರೆ ಕೆಲವೇ ಗಂಟೆಗಳಲ್ಲಿ ಎಲ್ಲ ತಿಳಿಯಾಗಬಹುದು.

ಯುಗಾದಿ ರಜೆಗೆ ಬಾಲಿಗೆ ಹೋಗೋಣ ಎಂದುಕೊಂಡಿದ್ದೇವೆ. ಒಳ್ಳೆಯ ಸಮಯವೇ?

ಟಿಕೆಟ್ ಮಾಡುವ ಮೊದಲು ನ್ಯೆಪಿ ಯಾವ ದಿನ ಎಂದು ನೋಡಿ. ಅದು ಬಾಲಿಯ ಹಿಂದೂಗಳ ಶಕ ವರ್ಷಾರಂಭ, ಮೌನದ ದಿನ. ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ಯಾರೂ ಬೀದಿಗೆ ಇಳಿಯುವುದಿಲ್ಲ, ದೀಪ ಉರಿಸುವುದಿಲ್ಲ, ಮೊಬೈಲ್ ಇಂಟರ್ನೆಟ್ ಕೂಡ ಇರುವುದಿಲ್ಲ. ವಿಮಾನ ನಿಲ್ದಾಣ ಇಡೀ ದಿನ ಮುಚ್ಚಿರುತ್ತದೆ. ನಮ್ಮ ಯುಗಾದಿಯೂ ಅವರ ನ್ಯೆಪಿಯೂ ಎಷ್ಟೋ ವರ್ಷ ಒಟ್ಟಿಗೇ ಬರುತ್ತವೆ: 2023ರಲ್ಲಿ ಎರಡೂ ಮಾರ್ಚ್ 22, 2026ರಲ್ಲಿ ಎರಡೂ ಮಾರ್ಚ್ 19. 2025ರಲ್ಲಿ ಒಂದು ದಿನದ ಅಂತರ. ಅಧಿಕ ಮಾಸದ ಲೆಕ್ಕ ಬೇರೆಯಾದ ವರ್ಷ ಮಾತ್ರ ದೂರ ಸರಿಯುತ್ತವೆ, 2024ರಲ್ಲಿ ಹಾಗೆಯೇ ಆಯಿತು.

ಹೋಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಹಿಂದಿನ ಸಂಜೆಯ ಓಗೋ ಓಗೋ ಎಂಬ ದೈತ್ಯ ಬೊಂಬೆಗಳ ಮೆರವಣಿಗೆ, ಮರುರಾತ್ರಿ ಒಂದು ದೀಪವೂ ಇಲ್ಲದ ಊರಿನ ಮೇಲಿನ ನಕ್ಷತ್ರಗಳು ಬೇರೆ ದಿನ ಸಿಗುವಂಥವಲ್ಲ. ಬರುವ, ಹೊರಡುವ ದಿನ ಮಾತ್ರ ಅದಾಗಿರಬಾರದು.

ಉಳಿದ ದ್ವೀಪಗಳ ಬಗ್ಗೆ ಚುಟುಕಾಗಿ: ಮಾರಿಷಸ್‌ನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, 2024ರ ಜನವರಿಯಲ್ಲಿ 'ಬೆಲಾಲ್' ಬಂದಾಗ ವಿಮಾನ ನಿಲ್ದಾಣ ಮುಚ್ಚಿತ್ತು. ಅಂಡಮಾನಿನಲ್ಲಿ ವಿಮಾನಕ್ಕಿಂತ ಮೊದಲು ನಿಲ್ಲುವುದು ದೋಣಿ. 2016ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್‌ನಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ನೌಕಾಪಡೆ ಕರೆತರಬೇಕಾಯಿತು. ಹಾಗಾಗಿ ವಾಪಸ್ ವಿಮಾನದ ಹಿಂದಿನ ರಾತ್ರಿ ಶ್ರೀ ವಿಜಯಪುರಂನಲ್ಲೇ ಇರಿ.

ವಿಮಾನ ತಡವಾದರೆ ಊಟ, ಹೋಟೆಲ್ ಕೊಡಲೇಬೇಕೇ? ಪರಿಹಾರ ಎಷ್ಟು ಸಿಗುತ್ತದೆ?

ಭಾರತದ ವಿಮಾನಯಾನ ಸಂಸ್ಥೆಯಾದರೆ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯದ ನಿಯಮ ಇದೆ. ಊಟ ತಿಂಡಿ ಯಾವಾಗ ಎಂಬುದು ಹಾರಾಟದ ಉದ್ದದ ಮೇಲೆ ನಿಂತಿದೆ. ಎರಡೂವರೆ ಗಂಟೆಯೊಳಗಿನ ಹಾರಾಟಕ್ಕೆ 2 ಗಂಟೆ ತಡವಾದರೆ, ಐದು ಗಂಟೆಯೊಳಗಿನದಕ್ಕೆ 3 ಗಂಟೆ, ಬಾಲಿಯಂಥ ಇನ್ನೂ ದೂರದ್ದಕ್ಕೆ 4 ಗಂಟೆ. ನೀವು ಸರಿಯಾದ ಸಮಯಕ್ಕೆ ಚೆಕ್-ಇನ್ ಮಾಡಿರಬೇಕು. ದೇಶದೊಳಗಿನ ವಿಮಾನ 6 ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. 24 ಗಂಟೆ ಮೀರಿದರೆ ಹೋಟೆಲ್. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಾದ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದರೂ ಹೋಟೆಲ್. ನಮ್ಮ ದ್ವೀಪದ ವಿಮಾನಗಳಲ್ಲಿ ರಾತ್ರಿಯವು ಬಹಳ, ಈ ಕೊನೆಯ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ.

ಮುಂಚೆ ತಿಳಿಸದೆ ರದ್ದು ಮಾಡಿದರೆ, ಎರಡು ಗಂಟೆಗಿಂತ ಉದ್ದದ ಹಾರಾಟಕ್ಕೆ 10,000 ರೂಪಾಯಿ, ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಇವುಗಳಲ್ಲಿ ಯಾವುದು ಕಡಿಮೆಯೋ ಅದು ಪರಿಹಾರ. ಜ್ವಾಲಾಮುಖಿ, ಚಂಡಮಾರುತ, ಸರ್ಕಾರದ ಆದೇಶದಂಥ ಕಾರಣಕ್ಕೆ ಈ ಪರಿಹಾರವಿಲ್ಲ. ಟಿಕೆಟ್ ಹಣ ವಾಪಸ್ ಅಥವಾ ಬದಲಿ ವಿಮಾನದ ಹಕ್ಕು ಮಾತ್ರ ಆಗಲೂ ಇರುತ್ತದೆ. ವಿದೇಶಿ ಸಂಸ್ಥೆಯಾದರೆ ಅವರ ದೇಶದ ನಿಯಮ ನೋಡಬೇಕು.

ದ್ವೀಪದಲ್ಲಿದ್ದಾಗಲೇ ವಾಪಸ್ ವಿಮಾನ ರದ್ದು ಎಂದು ಸಂದೇಶ ಬಂತು. ಮೊದಲು ಏನು ಮಾಡಬೇಕು?

ಸಂದೇಶದ ಕೆಳಗೆ 'ಹಣ ವಾಪಸ್' ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಬೇಡಿ. ಒತ್ತಿದ ಕ್ಷಣಕ್ಕೆ ನಿಮ್ಮನ್ನು ಮನೆಗೆ ಮುಟ್ಟಿಸುವ ಹೊಣೆಯಿಂದ ಆ ಸಂಸ್ಥೆ ಬಿಡುಗಡೆಯಾಗುತ್ತದೆ. ಆಮೇಲೆ ಅದೇ ದಾರಿಯ ಟಿಕೆಟಿಗೆ ಎರಡು ಮೂರು ಪಟ್ಟು ಕೊಡುವವರು ನೀವೇ. ಬೆಂಗಳೂರಿನಿಂದ ಹೊರಡುವಾಗ ರದ್ದಾದರೆ ಹಣ ಪಡೆದು ಮನೆಗೆ ಹೋಗಬಹುದು. ದ್ವೀಪದಿಂದ ಹೊರಡುವಾಗ ನಿಮಗೆ ಬೇಕಾದದ್ದು ಹಣವಲ್ಲ, ಸೀಟು. ಬದಲಿ ದಿನಾಂಕದ ಆಯ್ಕೆಯನ್ನೇ ತೆಗೆದುಕೊಳ್ಳಿ.

ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ನಿಲ್ಲದೆ ಕೆಲಸ ಹಂಚಿಕೊಳ್ಳಿ. ಒಬ್ಬರು ಕೌಂಟರ್ ಮುಂದೆ, ಒಬ್ಬರು ಫೋನಿನಲ್ಲಿ, ಒಬ್ಬರು ಮೊಬೈಲ್ ಆ್ಯಪ್‌ನಲ್ಲಿ. ಊರಿನಲ್ಲಿರುವ ತಮ್ಮನೋ ಮಗಳೋ ಬೆಂಗಳೂರಿನಿಂದ ಸಹಾಯವಾಣಿಗೆ ಕರೆ ಮಾಡಲಿ, ಎಷ್ಟೋ ಸಲ ಅಲ್ಲಿಂದ ಬೇಗ ಸಿಗುತ್ತದೆ. ಏಜೆಂಟ್ ಮೂಲಕ ಟಿಕೆಟ್ ಮಾಡಿಸಿದ್ದರೆ ಬುಕಿಂಗ್‌ನಲ್ಲಿ ಯಾರ ಮೊಬೈಲ್ ಸಂಖ್ಯೆ ಇದೆ ನೋಡಿ. ಏಜೆಂಟರದೇ ಸಂಖ್ಯೆ ಇದ್ದರೆ ಎಲ್ಲ ಸಂದೇಶವೂ ಅವರಿಗೆ ಹೋಗುತ್ತದೆ, ನಿಮಗೆ ಸುದ್ದಿಯೇ ಇರುವುದಿಲ್ಲ.

ಒಮ್ಮೆ ನಮ್ಮ ವಿಮಾನ ರದ್ದಾದಾಗ ಕೌಂಟರಿನಲ್ಲಿ ಎಲ್ಲವನ್ನೂ ಬಾಯಲ್ಲೇ ಹೇಳಿದರು: "ನಾಳೆ ಬನ್ನಿ, ಸೀಟು ಸಿಗುತ್ತದೆ." ನಂಬಿ ಹೋದೆವು. ಮರುದಿನ ಕೌಂಟರಿನಲ್ಲಿ ಬೇರೆ ಮುಖ; ನಮ್ಮ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಆ ರಾತ್ರಿ ಐದು ವರ್ಷದ ಮಗು ಅಪ್ಪನ ಪಂಚೆಯ ಮೇಲೆ, ಎರಡು ಸೂಟ್‌ಕೇಸುಗಳ ನಡುವೆ ಮಲಗಿತು. ಆ ದೃಶ್ಯ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ: ಹೊಸ ದಿನಾಂಕದ ಟಿಕೆಟ್ ಇಮೇಲಿಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ. ವಿಮಾನ ರದ್ದಾಗಿದೆ, ಕಾರಣ ಇಂಥದ್ದು ಎಂಬ ಪತ್ರವನ್ನೂ ಕೇಳಿ ಪಡೆಯಿರಿ. ವಿಮೆಗೆ, ಕಚೇರಿಯ ರಜೆಗೆ, ವೀಸಾಕ್ಕೆ ಎಲ್ಲದಕ್ಕೂ ಅದು ಬೇಕಾಗುತ್ತದೆ.

ವಿಮಾನವಿಲ್ಲದೆ ಉಳಿದು ವೀಸಾ ಅವಧಿ ಮುಗಿದರೆ ದಂಡ ಕಟ್ಟಬೇಕೇ?

ಇಂಡೊನೇಷ್ಯಾದಲ್ಲಿ ಅವಧಿ ಮೀರಿದ ಪ್ರತಿ ದಿನಕ್ಕೆ ತಲಾ 10,00,000 ರುಪಿಯಾ ದಂಡ. ಜ್ವಾಲಾಮುಖಿಯಿಂದ ವಿಮಾನಗಳು ನಿಂತಾಗ ವಿನಾಯಿತಿ ಕೊಟ್ಟದ್ದುಂಟು, ಆದರೆ ಅದು ತಾನಾಗಿ ಬರುವುದಿಲ್ಲ. ಅವಧಿ ಮುಗಿಯುವ ಮೊದಲೇ ರದ್ದತಿ ಪತ್ರ ಹಿಡಿದು ಇಮಿಗ್ರೇಷನ್ ಕಚೇರಿಗೆ ಹೋಗಿ. ಐದಾರು ದಿನದ ಪ್ರವಾಸದವರಿಗೆ 30 ದಿನ ಇರುವುದರಿಂದ ಈ ಚಿಂತೆ ಬೇಡ. ತಿಂಗಳು ಪೂರ್ತಿ ಇರುವವರು ಕೊನೆಯ ದಿನಕ್ಕೆ ಟಿಕೆಟ್ ಮಾಡಬೇಡಿ.

## ಸ್ವಲ್ಪ ತೊಡಕಿನವು

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಬಾಲಿಗೆ ಬೇರೆ ಟಿಕೆಟ್. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರು ಹೊಣೆ?

ನೀವೇ. ಎರಡೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನ ವಿಮಾನಕ್ಕೆ ಸೇರಿಸುವುದು ಸಂಸ್ಥೆಯ ಕೆಲಸ. ಬೇರೆ ಬೇರೆಯಾಗಿದ್ದರೆ, ಸಂಸ್ಥೆ ಒಂದೇ ಆಗಿದ್ದರೂ, ಎರಡನೇ ಟಿಕೆಟಿಗೆ ನೀವು ಬಾರದ ಪ್ರಯಾಣಿಕರು. 2025ರ ಡಿಸೆಂಬರ್ ಮೊದಲ ವಾರ ದೇಶದಲ್ಲಿ ಸಾವಿರಾರು ವಿಮಾನಗಳು ರದ್ದಾದಾಗ ಹೀಗೆ ಪ್ರವಾಸವೇ ಕೈತಪ್ಪಿದವರ ಸಂಕಟ ಕೇಳಿದ್ದೇನೆ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಕಲಬುರಗಿಯವರಿಗೆ ನನ್ನ ಸಲಹೆ: ಒಂದೇ ಟಿಕೆಟ್ ಸಿಗದಿದ್ದರೆ ಹಿಂದಿನ ದಿನವೇ ರೈಲಿನಲ್ಲೋ ಬಸ್ಸಿನಲ್ಲೋ ಬೆಂಗಳೂರು ಸೇರಿ. ಒಂದನೇ ಟರ್ಮಿನಲ್‌ನಲ್ಲಿ ಇಳಿದವರು ಲಗೇಜ್ ತೆಗೆದುಕೊಂಡು ಎರಡನೆಯದಕ್ಕೆ ಹೋಗಲು ಬಸ್ ಹಿಡಿಯಬೇಕು ಎಂಬುದೂ ಲೆಕ್ಕದಲ್ಲಿರಲಿ.

ಬಾಲಿ ನಿಲ್ದಾಣ ಮುಚ್ಚಿದರೆ ಜಾವಾಕ್ಕೆ ಹೋಗಿ ಅಲ್ಲಿಂದ ಹಾರಬಹುದಂತೆ?

ಹೋಗಬಹುದು. 2017ರಲ್ಲಿ ಬಹಳ ಜನ ಹೀಗೆಯೇ ಹೊರಬಂದರು. ಬಾಲಿಯ ಪಶ್ಚಿಮ ತುದಿಯ ಗಿಲಿಮನುಕ್‌ವರೆಗೆ ರಸ್ತೆ, ಅಲ್ಲಿಂದ ಜಾವಾದ ಕೆತಪಾಂಗ್‌ಗೆ ಹಡಗು, ಆಮೇಲೆ ಸುರಬಯಾ ನಗರದವರೆಗೆ ಬಸ್ಸೋ ರೈಲೋ. ಎಲ್ಲ ಸರಿಯಾಗಿ ನಡೆದರೂ ಅರ್ಧ ದಿನದ ಮೇಲೆ ಹಿಡಿಯುತ್ತದೆ. ಜಾವಾದ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ. ರಾತ್ರಿ, ಕೆಟ್ಟ ಹವೆಯಲ್ಲಿ ಆ ಜಲಸಂಧಿ ದಾಟಬೇಡಿ. 2025ರ ಜುಲೈ 2ರ ರಾತ್ರಿ ಅದೇ ಮಾರ್ಗದಲ್ಲಿ ಹಡಗೊಂದು ಮುಳುಗಿ ಜನ ಸತ್ತರು.

ಸಿಂಗಪುರದ ಮೂಲಕ ಬೇರೆ ಬೇರೆ ಟಿಕೆಟಿನಲ್ಲಿ ಬರುವುದಾದರೆ ಲಗೇಜ್ ತೆಗೆದುಕೊಳ್ಳಲು ಹೊರಗೆ ಬರಬೇಕಾಗಬಹುದು, ನಮ್ಮವರಿಗೆ ಅದಕ್ಕೆ ವೀಸಾ ಬೇಕು. ಮಕ್ಕಳು, ಹಿರಿಯರು ಜತೆಗಿದ್ದರೆ ಒಂದೆರಡು ದಿನ ಬಾಲಿಯಲ್ಲೇ ಉಳಿಯುವುದು ಲೇಸು ಎಂದು ನನ್ನ ಅಭಿಪ್ರಾಯ.

ಪ್ರವಾಸ ವಿಮೆ ಮಾಡಿಸಿದರೆ ಜ್ವಾಲಾಮುಖಿಗೂ ಹಣ ಸಿಗುತ್ತದೆಯೇ?

ಯಾವಾಗ ಮಾಡಿಸಿದಿರಿ ಎಂಬುದು ಮುಖ್ಯ. ಬೆಟ್ಟ ಬೂದಿ ಉಗುಳಿದ ಸುದ್ದಿ ಬಂದ ಮೇಲೆ ವಿಮೆ ಮಾಡಿಸಿದರೆ 'ಮೊದಲೇ ತಿಳಿದಿದ್ದ ಘಟನೆ' ಎಂದು ತಳ್ಳಿಹಾಕುತ್ತಾರೆ. ಟಿಕೆಟ್ ಮಾಡಿದ ದಿನವೇ ಮಾಡಿಸಿ. ಪಾಲಿಸಿಯಲ್ಲಿ ಮೂರು ವಿಷಯ ಹುಡುಕಿ ಓದಿ: ನೈಸರ್ಗಿಕ ವಿಕೋಪ ಸೇರಿದೆಯೇ, ಎಷ್ಟು ಗಂಟೆ ತಡವಾದರೆ ಹಣ ಶುರು, ಹೆಚ್ಚುವರಿ ಹೋಟೆಲ್ ಖರ್ಚಿನ ಮಿತಿ ಎಷ್ಟು. ಪ್ರತಿ ಊಟದ, ಪ್ರತಿ ಟ್ಯಾಕ್ಸಿಯ ರಸೀದಿ ಇಟ್ಟುಕೊಳ್ಳಿ. ಹಿರಿಯರಿಗೆ ಇರುವ ಕಾಯಿಲೆಗಳನ್ನು ಮುಚ್ಚಿಡಬೇಡಿ.

ದ್ವೀಪದಲ್ಲೇ ಪಾಸ್‌ಪೋರ್ಟ್ ಕಳೆದುಹೋದರೆ?

ಮೊದಲು ಪೊಲೀಸ್ ದೂರು, ಅದರ ಪ್ರತಿ. ಬಾಲಿಯ ಡೆನ್ಪಸಾರ್‌ನಲ್ಲಿ ಭಾರತದ ಕಾನ್ಸುಲೇಟ್ ಇದೆ, ಮಾಲೆಯಲ್ಲಿ ಹೈಕಮಿಷನ್ ಇದೆ. ಅಲ್ಲಿ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದು ಭಾರತಕ್ಕೆ ಒಂದು ಸಲ ಮರಳಲು ಮಾತ್ರ. ಆ ಕಾಗದ ಸಿಕ್ಕ ಕೂಡಲೇ ವಿಮಾನ ಹತ್ತಲಾಗುವುದಿಲ್ಲ, ಪ್ರವೇಶದ ಮುದ್ರೆ ಕಳೆದ ಪಾಸ್‌ಪೋರ್ಟಿನಲ್ಲಿರುವುದರಿಂದ ಅಲ್ಲಿನ ಇಮಿಗ್ರೇಷನ್ ಕಚೇರಿಯ ಅನುಮತಿಯೂ ಬೇಕು. ಫೋಟೋ ಪುಟ, ವೀಸಾ, ಪ್ರವೇಶ ಮುದ್ರೆ ಮೂರನ್ನೂ ಇಳಿದ ದಿನವೇ ಚಿತ್ರ ತೆಗೆದು ಊರಿನಲ್ಲಿರುವ ಒಬ್ಬರಿಗೆ ಕಳಿಸಿಡಿ. ಪಾಸ್‌ಪೋರ್ಟ್ ಅಳತೆಯ ನಾಲ್ಕು ಫೋಟೋ ಪರ್ಸಿನಲ್ಲಿರಲಿ.

ನಾವು ಬಂದೆವು, ಲಗೇಜ್ ಬರಲಿಲ್ಲ. ದೂರು ಕೊಟ್ಟರೂ ಉತ್ತರವಿಲ್ಲ. ಇನ್ನೆಲ್ಲಿ ಹೋಗುವುದು?

ಲಗೇಜ್ ಬರುವ ಬೆಲ್ಟಿನ ಹತ್ತಿರವೇ, ನಿಲ್ದಾಣದಿಂದ ಹೊರಬೀಳುವ ಮೊದಲೇ, ಪಿಐಆರ್ ಎಂಬ ದೂರು ಬರೆಸಿ ಸಂಖ್ಯೆ ಪಡೆಯಿರಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತವೂ ಇಂಡೊನೇಷ್ಯಾವೂ ಅದರಲ್ಲಿವೆ. ಚೀಲ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ದಿನ ಮೀರಿದರೆ ಹಕ್ಕು ಹೋಗುತ್ತದೆ.

ಸಂಸ್ಥೆ ಸುಮ್ಮನಿದ್ದರೆ ಕೇಂದ್ರದ 'ಏರ್‌ಸೇವಾ'ದಲ್ಲಿ ದೂರು ದಾಖಲಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಸಂಸ್ಥೆಯ ಕಚೇರಿ ದೆಹಲಿಯಲ್ಲಿದ್ದರೂ ಶಿವಮೊಗ್ಗದವರು ಶಿವಮೊಗ್ಗದಲ್ಲೇ ನಡೆಸಬಹುದು, ವಕೀಲರೂ ಕಡ್ಡಾಯವಲ್ಲ. ಗ್ರಾಹಕ ಆಯೋಗಕ್ಕೆ ಕಾಲಮಿತಿ ಎರಡು ವರ್ಷ. ಬೋರ್ಡಿಂಗ್ ಪಾಸ್, ಲಗೇಜ್ ಚೀಟಿ, ಪಿಐಆರ್ ಪ್ರತಿ ಮೂರನ್ನೂ ಹಣ ಕೈಗೆ ಬರುವವರೆಗೆ ಒಂದೇ ಲಕೋಟೆಯಲ್ಲಿ ಜೋಪಾನವಾಗಿಡಿ.